ಮಾಗಿಯ ಚಳಿಯಲ್ಲಿ ಸೈಕಲ್ ಸವಾರಿ: ವಕ್ಕಲೇರಿ ಸೀಮೆಯ ಅಟ್ಟದಿಂದ ಇಳಿಯಬೇಕಾದ ಗಾಡಿಗಳು

ವಕ್ಕಲೇರಿ: ದೀಪಾವಳಿ ಕಳೆದು ಹಿಂಗಾರು ಮಳೆ ಹಿಂದೆ ಸರಿಯುತ್ತಿದ್ದಂತೆ ಕೋಲಾರ ಸೀಮೆಯ ಬೆಳಗಿನ ಚಹರೆಯೇ ಬದಲಾಗುತ್ತದೆ. ವಕ್ಕಲೇರಿಯ ಮಾರ್ಕಂಡೇಶ್ವರ ಬೆಟ್ಟದ ನೆತ್ತಿ ಮಂಜಿನಲ್ಲಿ ಮರೆಯಾಗುತ್ತದೆ. ಹೊಲಗಳಲ್ಲಿ ರಾಗಿ ಕೊಯ್ಲಿನ ಸಡಗರ ಆರಂಭವಾಗುತ್ತದೆ. ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲುಗಳು ಡೇರಿಯತ್ತ ಸಾಗುತ್ತವೆ. ಅವುಗಳ ಹಿಂದೆಯೇ ಶಾಲೆಯ ಚೀಲ ಹೊತ್ತ ಮಕ್ಕಳು. ತಲೆಗೆ ಮಫ್ಲರ್, ಹ್ಯಾಂಡಲ್ ಹಿಡಿದ ಬೆರಳುಗಳಲ್ಲಿ ನಡುಕ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೊರಟುಹೋಗುವವರೆಗೆ ಈ ನೋಟ ತಪ್ಪಿದ್ದಲ್ಲ.

ಚಳಿಗಾಲ ಎಂದರೆ ಸೈಕಲ್ಲಿಗೆ ವಿಶ್ರಾಂತಿಯ ಕಾಲ ಎಂಬ ಕಲ್ಪನೆ ಹಿಮ ಬೀಳುವ ದೇಶಗಳದ್ದು. ಅಲ್ಲಿ ರಸ್ತೆಗೆ ಸುರಿಯುವ ಉಪ್ಪು ಚೈನನ್ನು ತಿಂದುಹಾಕುತ್ತದೆ. ಆದ್ದರಿಂದ ಬಹುತೇಕರು ಗಾಡಿಯನ್ನು ಒಳಗಿಟ್ಟು, ಬಿಚ್ಚಿ, ತೊಳೆದು, ವಸಂತಕ್ಕೆ ಸಿದ್ಧಗೊಳಿಸುತ್ತಾರೆ. ಹಟ ಬಿಡದೆ ಹಿಮದಲ್ಲೂ ತುಳಿಯುವವರಿಲ್ಲದಿಲ್ಲ. ಫಿನ್ಲೆಂಡಿನ ಔಲು ನಗರ ಅಂಥ ಚಳಿಗಾಲದ ಸವಾರಿಗೇ ಹೆಸರಾಗಿದ್ದು, 2013ರಲ್ಲಿ ಈ ವಿಷಯದ ಮೊದಲ ಅಂತಾರಾಷ್ಟ್ರೀಯ ಸಮಾವೇಶವೂ ಅಲ್ಲಿಯೇ ನಡೆಯಿತು. ಕೋಲಾರದ ಲೆಕ್ಕ ಇದಕ್ಕೆ ತಲೆಕೆಳಗು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಈ ಬಯಲಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯೇ ಸವಾರಿಗೆ ಹೇಳಿಮಾಡಿಸಿದ ಕಾಲ. ಬೆವರು ಕಡಿಮೆ, ಮಳೆ ಇಲ್ಲ, ಮಣ್ಣಿನ ದಾರಿಗಳು ಗಟ್ಟಿಯಾಗಿರುತ್ತವೆ. ಗಾಡಿ ಮೂಲೆ ಸೇರುವುದು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಮತ್ತು ಶಾಲೆಗೆ ರಜೆ ಇರುವಾಗ. ಹೀಗಾಗಿ ರಿಪೇರಿಗೆ ಇಲ್ಲಿ ಸಿಗುವ ಬಿಡುವು ಎರಡು: ಬೇಸಿಗೆ ರಜೆ ಒಂದು, ಚಳಿಗಾಲಕ್ಕೆ ಮುನ್ನ ಬರುವ ದಸರಾ ರಜೆ ಇನ್ನೊಂದು.

ಇತಿಹಾಸದ ವಿದ್ಯಾರ್ಥಿಗಳಿಗೆ ವಕ್ಕಲೇರಿ ಎಂದೊಡನೆ ನೆನಪಾಗುವುದು ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನ. ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಅದು ಹೋಬಳಿ ಕೇಂದ್ರ. ಬ್ಯಾಂಕು, ಆಸ್ಪತ್ರೆ, ಅಂಗಡಿ ಎಂದು ಹತ್ತು ಕೆಲಸಗಳಿಗೆ ಬರಬೇಕಾದ ಊರು. ಕೋಲಾರ ಹಾಗೂ ಮಾಲೂರುಗಳ ನಡುವಿನ ಈ ಸೀಮೆಯಲ್ಲಿ ಮುಖ್ಯರಸ್ತೆಯ ಮೇಲಿನ ಊರುಗಳಿಗೆ ಬಸ್ಸಿನ ಕೊರತೆ ಅಷ್ಟಾಗಿ ಕಾಡದು. ಕಷ್ಟವಿರುವುದು ಮುಖ್ಯರಸ್ತೆಯಿಂದ ಎರಡು, ಮೂರು, ನಾಲ್ಕು ಕಿಲೋಮೀಟರ್ ಒಳಗಿರುವ ಹಳ್ಳಿಗಳಿಗೆ. ಆ ನಾಲ್ಕು ಕಿಲೋಮೀಟರ್ ಎಂಬುದು ನಡೆದರೆ ಮುಕ್ಕಾಲು ಗಂಟೆಗೂ ಮಿಗಿಲು, ಸೈಕಲ್ ಇದ್ದರೆ ಹದಿನೈದು, ಇಪ್ಪತ್ತು ನಿಮಿಷ.

<b>ಸರ್ಕಾರಿ ಸೈಕಲ್ ಬಂದದ್ದು, ನಿಂತದ್ದು</b>

ಈ ಲೆಕ್ಕವನ್ನು ಸರ್ಕಾರವೂ ಒಮ್ಮೆ ಹಾಕಿತ್ತು. 2006-07ರಲ್ಲಿ ರಾಜ್ಯದಲ್ಲಿ ಉಚಿತ ಬೈಸಿಕಲ್ ಯೋಜನೆ ಆರಂಭವಾಯಿತು. ಮೊದಲು ಬಡ ಕುಟುಂಬಗಳ ಹೆಣ್ಣುಮಕ್ಕಳಿಗೆಂದು ಹೊರಟ ಯೋಜನೆ, ಬಳಿಕ ಸರ್ಕಾರಿ ಹಾಗೂ ಅನುದಾನಿತ ಪ್ರೌಢಶಾಲೆಗಳ 8ನೇ ತರಗತಿಯ ಗಂಡುಮಕ್ಕಳಿಗೂ ವಿಸ್ತರಿಸಿತು. ಏಳನೇ ತರಗತಿಯವರೆಗೆ ಊರಿನಲ್ಲೇ ಓದಿದ ಮಗು ಪ್ರೌಢಶಾಲೆಗೆಂದು ಹೊರಗೆ ಕಾಲಿಡುವುದು ಎಂಟಕ್ಕೆ. ಶಾಲೆ ಬಿಡುವ ಅಪಾಯವೂ ಅಲ್ಲಿಂದಲೇ. ಆ ತರಗತಿಯನ್ನೇ ಆರಿಸಿಕೊಂಡದ್ದರ ಹಿಂದೆ ಅಂಥ ತರ್ಕವಿತ್ತು.

ತರ್ಕ ಸುಳ್ಳಲ್ಲ ಎಂಬುದಕ್ಕೆ ಪುರಾವೆ ದೊರೆತದ್ದು ಬಿಹಾರದಲ್ಲಿ. ಅಲ್ಲಿಯೂ 2006ರಲ್ಲೇ ಬಾಲಕಿಯರಿಗೆ ಸೈಕಲ್ ಕೊಡುವ ಯೋಜನೆ ಶುರುವಾಗಿತ್ತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಯೋಜನೆಯಿಂದ ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ 32ರಷ್ಟು ಏರಿತು. ಗಂಡು, ಹೆಣ್ಣಿನ ನಡುವಿನ ದಾಖಲಾತಿ ಅಂತರ ಶೇ 40ರಷ್ಟು ತಗ್ಗಿತು. ಹೆಚ್ಚು ಪ್ರಯೋಜನ ಕಂಡುಬಂದದ್ದು ಶಾಲೆಯಿಂದ ಮೂರು ಕಿಲೋಮೀಟರ್ ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ. ವಕ್ಕಲೇರಿಯ ಒಳಹಳ್ಳಿಗಳ ದಾರಿಯೂ ಸರಿಸುಮಾರು ಅಷ್ಟೇ ದೂರದ್ದು ಎಂಬುದನ್ನು ಇಲ್ಲಿ ಗಮನಿಸಬೇಕು.

ಕರ್ನಾಟಕದ ಯೋಜನೆಗೆ ದೂರುಗಳ ಕೊರತೆ ಇರಲಿಲ್ಲ. ಬಿಡಿಭಾಗಗಳಾಗಿ ಬಂದ ಸೈಕಲ್ಲುಗಳನ್ನು ತರಾತುರಿಯಲ್ಲಿ ಜೋಡಿಸಿ ಕೊಟ್ಟದ್ದರಿಂದ, ಬಹುಮಾನದಂತೆ ಬಂದ ಗಾಡಿ ನೇರವಾಗಿ ರಿಪೇರಿ ಅಂಗಡಿಗೆ ಹೋಗಿ ಮತ್ತೊಮ್ಮೆ ಬಿಗಿಸಿಕೊಂಡು ಬರಬೇಕಾದ ಪ್ರಸಂಗಗಳು ರಾಜ್ಯದ ಹಲವೆಡೆ ವರದಿಯಾಗಿದ್ದವು. ಆದರೂ ಗಾಡಿ ಎಂಬುದೊಂದು ಮನೆಗೆ ಬರುತ್ತಿತ್ತಲ್ಲ! ಕೋವಿಡ್ ಬಂದ 2020ರಲ್ಲಿ ಅದೂ ನಿಂತಿತು. 2019-20ರಲ್ಲಿ ಎಂಟನೇ ತರಗತಿಯಲ್ಲಿ ಸೈಕಲ್ ಪಡೆದ ಮಕ್ಕಳು 2024ರ ಹೊತ್ತಿಗೆ ಪಿಯುಸಿಯನ್ನೂ ಮುಗಿಸಿದ್ದಾರೆ. ಅವರ ಸೈಕಲ್ಲುಗಳೆಲ್ಲಿ? ಕೆಲವು ಗುಜರಿಗೆ ಹೋದವು. ಕೆಲವು ಹಾಲು, ಹಿಪ್ಪುನೇರಳೆ ಸೊಪ್ಪಿನ ಹೊರೆ ಸಾಗಿಸುತ್ತಿವೆ. ಉಳಿದವು ದನದ ಕೊಟ್ಟಿಗೆಯ ಗೋಡೆಗೋ ಶೀಟಿನ ಮಾಡಿನ ಕೆಳಗಿನ ಅಟ್ಟಕ್ಕೋ ಸೇರಿವೆ.

2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಬಸ್ಸು ಓಡುವ ದಾರಿಯಲ್ಲಿ ಅದು ದೊಡ್ಡ ಅನುಕೂಲವೇ ಸರಿ. ಆದರೆ ಬಸ್ಸು ಒಳಹಳ್ಳಿಗೆ ಬರುವ ಹೊತ್ತಿಗೂ ಶಾಲೆಯ ಗಂಟೆಗೂ ಹೊಂದಿಕೆಯಾಗದಿದ್ದರೆ ಟಿಕೆಟ್ ಇಲ್ಲ ಎಂಬುದರಿಂದ ಹೆಚ್ಚಿನ ಉಪಯೋಗವಿಲ್ಲ. ಮಾರ್ಚ್‌ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ಶಾಲೆಗಳು ವಿಶೇಷ ತರಗತಿಗಳನ್ನು ನಡೆಸುವುದು ಇದೇ ಚಳಿಗಾಲದ ಬೆಳಗು, ಬೈಗುಗಳಲ್ಲಿ. ತರಗತಿ ಮುಗಿಯುವ ಹೊತ್ತಿಗೆ ಕಡೆಯ ಬಸ್ಸು ಹೋಗಿರುತ್ತದೆ ಅಥವಾ ಬಂದೇ ಇರುವುದಿಲ್ಲ. ಆಗ ಮಗಳನ್ನು ತರಗತಿಗೆ ಕಳಿಸುವುದೋ ಬಿಡುವುದೋ ಎಂಬ ನಿರ್ಧಾರ ಅಟ್ಟದ ಮೇಲಿನ ಆ ಸೈಕಲ್ಲನ್ನು ಅವಲಂಬಿಸಿ ನಿಲ್ಲುತ್ತದೆ. ಹತ್ತನೇ ತರಗತಿಯ ಕೊನೆಯ ಮೂರು ತಿಂಗಳು ತಪ್ಪಿದರೆ ಆಗುವ ನಷ್ಟವನ್ನು ಯಾವ ಪಾಲಕರಿಗೂ ಬಿಡಿಸಿ ಹೇಳಬೇಕಿಲ್ಲ.

<b>ಇಬ್ಬನಿ, ಹುಲ್ಲು, ಮುಳ್ಳು</b>

ಚಳಿ ಇಲ್ಲಿ ಯಾರನ್ನೂ ಹೆಪ್ಪುಗಟ್ಟಿಸುವಂಥದ್ದಲ್ಲ. ಆದರೆ ಗಾಡಿಗೂ ಸವಾರರಿಗೂ ಅದು ಒಡ್ಡುವ ತೊಂದರೆಗಳು ವಿಚಿತ್ರವಾಗಿವೆ.

ಮೊದಲನೆಯದು ಇಬ್ಬನಿ. ಹಳೆಯ ಕಂಬಿ ಬ್ರೇಕಿನ ಸೈಕಲ್ಲುಗಳ ರಿಮ್ಮು ಕ್ರೋಮಿಯಂ ಲೇಪದ ಉಕ್ಕಿನದು. ಒಣಗಿದ್ದಾಗ ರಬ್ಬರ್ ಕಟ್ಟೆ ಅದನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ. ಒದ್ದೆಯಾದರೆ ಹಿಡಿತ ತೀರಾ ಕುಸಿಯುತ್ತದೆ. ರಾತ್ರಿಯೆಲ್ಲ ಅಂಗಳದಲ್ಲಿ ನಿಂತ ಸೈಕಲ್ಲಿನ ರಿಮ್ಮಿನ ಮೇಲೆ ನೀರಿನ ಪೊರೆ ಕುಳಿತಿರುವುದು ಕಣ್ಣಿಗೆ ಕಾಣುವುದೇ ಇಲ್ಲ. ಕೆರೆಯ ಏರಿಯ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗಲೇ ಅದರ ಅರಿವಾಗುವುದು. ಹೊರಡುವ ಮುನ್ನ ಎರಡೂ ರಿಮ್ಮುಗಳನ್ನು ಒಣಬಟ್ಟೆಯಿಂದ ಒಮ್ಮೆ ಒರೆಸುವುದು, ದಾರಿಯಲ್ಲಿ ಇಳಿಜಾರು ಬರುವ ಮೊದಲೇ ಎರಡು ಬಾರಿ ಮೆಲ್ಲಗೆ ಬ್ರೇಕು ಹಿಡಿದು ಬಿಡುವುದು, ಇವೆರಡೂ ಕಾಸಿನ ಖರ್ಚಿಲ್ಲದ ಉಪಾಯಗಳು. ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದೆ. ನೀರು ನಿಂತ ಕೆರೆಯ ಪಕ್ಕದ ದಾರಿಯಲ್ಲಿ ಬೆಳಗಿನ ಮಂಜು ದಟ್ಟವಾಗಿಯೇ ಇರುತ್ತದೆ ಎಂಬುದು ಸಹಜ.

ಎರಡನೆಯದು ಕತ್ತಲೆ. ಜನವರಿಯಲ್ಲಿ ಸೂರ್ಯೋದಯವಾಗುವಾಗ ಗಂಟೆ ಆರೂಮುಕ್ಕಾಲು ಸಮೀಪಿಸಿರುತ್ತದೆ; ಸಂಜೆ ಆರೂಕಾಲರ ಹೊತ್ತಿಗೆ ಬೆಳಕು ಕರಗುತ್ತದೆ. ಹಿಂದಿನ ತಲೆಮಾರಿನವರಿಗೆ ಡೈನಮೋ ಇಲ್ಲದೆ ರಾತ್ರಿ ಸೈಕಲ್ ಹೊಡೆದು ಪೊಲೀಸರ ಕೈಗೆ ಸಿಕ್ಕಿಬಿದ್ದ ನೆನಪು, ಪುರಸಭೆಯ ತಗಡಿನ ಬಿಲ್ಲೆಯ ನೆನಪು ಇದ್ದೀತು. ಬಿಲ್ಲೆ ಹೋಯಿತು, ಅದರೊಂದಿಗೆ ದೀಪದ ಶಿಸ್ತೂ ಹೋಯಿತು ಎಂಬುದು ವಿಷಾದದ ಸಂಗತಿ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ ಸೀಮೆಯ ರಸ್ತೆಗಳಲ್ಲಿ ಪಾಳಿಗೆ ಹೋಗುವ ಬಸ್ಸು, ಲಾರಿಗಳ ಓಡಾಟ ಹೊತ್ತುಗೊತ್ತಿಲ್ಲದೆ ನಡೆದಿರುತ್ತದೆ. ಮಂಜಿನಲ್ಲಿ ಸೈಕಲ್ಲಿಗೆ ದಾರಿ ಕಾಣುವುದಕ್ಕಿಂತಲೂ ಸೈಕಲ್ಲು ಲಾರಿಯವನಿಗೆ ಕಾಣುವುದು ಮುಖ್ಯ. ಹಿಂದಿನ ಮಡ್‌ಗಾರ್ಡಿಗೆ ಕೆಂಪು ಪ್ರತಿಫಲಕ, ಮುಂದಕ್ಕೆ ಬಿಳಿಯದು, ಪೆಡಲ್ ಮತ್ತು ಕಡ್ಡಿಗಳಿಗೆ ಹಳದಿ ಇಷ್ಟಿದ್ದರೆ ಅರ್ಧ ಕೆಲಸವಾಯಿತು. ಪೆಡಲ್ಲಿನ ಪ್ರತಿಫಲಕ ಮೇಲೆ ಕೆಳಗೆ ಆಡುವುದರಿಂದ ಹಿಂದಿನಿಂದ ಬರುವವರ ಕಣ್ಣಿಗೆ ಅದು ಬಹುಬೇಗ ಬೀಳುತ್ತದೆ. ಕಪ್ಪು ಸ್ವೆಟರ್ ಮೇಲೆ ಹಳೆಯ ಬಿಳಿ ಅಂಗಿಯೊಂದನ್ನು ತೊಟ್ಟರೂ ಸಾಕು.

ಮೂರನೆಯದು ಈ ನಾಡಿಗೇ ವಿಶಿಷ್ಟವಾದದ್ದು: ರಸ್ತೆಯ ಮೇಲಿನ ಒಕ್ಕಣೆ. ರಾಗಿ ತೆನೆ, ಹುರುಳಿ, ಅವರೆಯ ಗಿಡಗಳನ್ನು ಡಾಂಬರು ರಸ್ತೆಗೆ ಹರಡಿ, ಓಡಾಡುವ ವಾಹನಗಳ ಚಕ್ರದಿಂದಲೇ ಕಾಳು ಬಿಡಿಸಿಕೊಳ್ಳುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲೆಲ್ಲ ಇದೆ. ಇದು ಅಪಾಯಕಾರಿ ಎಂದು ಪೊಲೀಸರು ಹಾಗೂ ಅಧಿಕಾರಿಗಳು ಎಚ್ಚರಿಸುತ್ತಲೇ ಬಂದಿದ್ದಾರೆ. ಬೈಕ್ ಸವಾರರು ಜಾರಿಬಿದ್ದು ಪ್ರಾಣ ಕಳೆದುಕೊಂಡದ್ದೂ ಇದೆ, ಒಣಗಿದ ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹೊತ್ತಿದ್ದೂ ಇದೆ. ಉದ್ಯೋಗ ಖಾತ್ರಿ ಯೋಜನೆಯಡಿ ಹಲವೆಡೆ ಒಕ್ಕಣೆ ಕಣಗಳು ನಿರ್ಮಾಣವಾಗಿವೆ. ಆದರೂ ಮನೆಯ ಮುಂದೆಯೇ ಬಿಟ್ಟಿ ಚಕ್ರಗಳು ಉರುಳುತ್ತಿರುವಾಗ ಕಣದವರೆಗೆ ಹೊರೆ ಹೊರುವವರಾರು? ಸಗಣಿ ಸಾರಿಸಿದ ಕಣವೂ ರೋಣಗಲ್ಲೂ ಮರೆಯಾದ ಊರುಗಳಲ್ಲಿ ರೈತರನ್ನಷ್ಟೇ ದೂರಿ ಪ್ರಯೋಜನವಿಲ್ಲ.

ಸೈಕಲ್ಲಿಗೆ ಈ ಹುಲ್ಲಿನಿಂದ ಎರಡು ಬಗೆಯ ಕೇಡು. ಒಂದು, ಹುಲ್ಲಿನ ಮೇಲೆ ತಿರುವು ತೆಗೆದುಕೊಂಡರೆ ಅಥವಾ ಬ್ರೇಕು ಹಿಡಿದರೆ ಚಕ್ರ ಪಕ್ಕಕ್ಕೆ ಜಾರುವುದು ಖಚಿತ; ನೇರವಾಗಿ, ತುಳಿತ ನಿಲ್ಲಿಸದೆ, ನಿಧಾನವಾಗಿ ದಾಟಬೇಕು. ಹೊರೆ ದಪ್ಪವಿದ್ದರೆ ಇಳಿದು ತಳ್ಳುವುದೇ ಲೇಸು. ಇನ್ನೊಂದು ಕೇಡು ನಿಧಾನದ್ದು. ಹುಲ್ಲಿನ ಎಳೆಗಳು ಹಿಂದಿನ ಚಕ್ರದ ಫ್ರೀವೀಲಿಗೂ ಹಬ್ಬಿಗೂ ನಡುವಿನ ಸಂದಿಯಲ್ಲಿ ದಾರದಂತೆ ಸುತ್ತಿಕೊಳ್ಳುತ್ತವೆ. ದಿನದಿಂದ ದಿನಕ್ಕೆ ಬಿಗಿದು ಗ್ರೀಸನ್ನು ಹೀರುತ್ತವೆ, ದೂಳನ್ನು ಒಳಕ್ಕೆ ಎಳೆಯುತ್ತವೆ. ಗಾಡಿ ಭಾರವಾಯಿತೆಂದು ಮಗು ದೂರಿದಾಗ ಮನೆಯವರು ಗಾಳಿ ಹೊಡೆಸಿ ಕಳಿಸುತ್ತಾರೆ. ರೋಗ ಇರುವುದು ಹಬ್ಬಿನಲ್ಲಿ. ವಾರಕ್ಕೊಮ್ಮೆ ಆ ಸಂದಿಯನ್ನು ಕಣ್ಣಿಟ್ಟು ನೋಡಿ ಎಳೆಗಳನ್ನು ಕತ್ತರಿಸಿ ತೆಗೆದರೆ ಸಾಕು.

ಇನ್ನು ಮುಳ್ಳು. ಮಳೆಗಾಲದಲ್ಲಿ ಹಸಿರಾಗಿ ನೆಲಕ್ಕೆ ಹರಡುವ ನೆಗ್ಗಿಲು ಗಿಡ ಚಳಿಗಾಲಕ್ಕೆ ಒಣಗಿ, ಯಾವ ಮಗ್ಗುಲಿಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುವ ಕಾಯಿಗಳನ್ನು ಉದುರಿಸುತ್ತದೆ. ಜಗತ್ತಿನ ಒಣಭೂಮಿಯ ಸೈಕಲ್ ಸವಾರರಿಗೆಲ್ಲ ಇದು ಆಜನ್ಮ ವೈರಿ. ಅದರ ಜೊತೆಗೆ ಕೆರೆಯಂಗಳದಲ್ಲಿ ಬೆಳೆದ ಬಳ್ಳಾರಿ ಜಾಲಿಯ ಮುಳ್ಳು ಇದ್ದೇ ಇದೆ. ಕೆರೆಯೊಳಗಿನ ಕಾಲುದಾರಿ ಎಷ್ಟೇ ಹತ್ತಿರವಾದರೂ ಚಳಿಗಾಲದಲ್ಲಿ ಏರಿಯ ಮೇಲಿನ ಸುತ್ತುದಾರಿಯೇ ಬೇಗ ತಲುಪಿಸುತ್ತದೆ.

<b>ಒಂದು ವಾರದ ರಿಪೇರಿ</b>

ಅಟ್ಟದಿಂದ ಇಳಿಸಿದ ಸೈಕಲ್ಲನ್ನು ಕಂಡವರಿಗೆ ಮೊದಲು ಕಾಣುವುದು ತುಕ್ಕು. ತುಕ್ಕಿಗೆ ಹೆದರಬೇಕಿಲ್ಲ, ಹ್ಯಾಂಡಲ್, ಮಡ್‌ಗಾರ್ಡುಗಳ ಮೇಲಿನ ತುಕ್ಕು ಬರೀ ಮುಖದ ಕಳೆ ಕೆಡಿಸುವಂಥದ್ದು. ನೋಡಬೇಕಾದದ್ದು ಫ್ರೇಮಿನ ಬೆಸುಗೆಗಳನ್ನು ಮತ್ತು ಮುಂದಿನ ಫೋರ್ಕನ್ನು. ಅಲ್ಲಿ ಬಿರುಕಿದ್ದರೆ ಅಥವಾ ಫೋರ್ಕು ಹಿಂದಕ್ಕೆ ಬಾಗಿದ್ದರೆ ಆ ಗಾಡಿಯನ್ನು ಮಗುವಿನ ಕೈಗೆ ಕೊಡಲೇಬಾರದು. ಅದರ ಬಿಡಿಭಾಗಗಳನ್ನು ಇನ್ನೊಂದು ಗಾಡಿಗೆ ಬಳಸಬಹುದು. ಎರಡು ಕೆಟ್ಟ ಸೈಕಲ್ಲುಗಳಿಂದ ಒಂದು ಒಳ್ಳೆಯದನ್ನು ಮಾಡುವುದು ಹಳ್ಳಿಯ ಅಂಗಡಿಗಳ ಹಳೆಯ ವಿದ್ಯೆ.

ಬಳಿಕ ಟಯರು. ಗಾಳಿಯಿಲ್ಲದೆ ವರ್ಷಗಟ್ಟಲೆ ನಿಂತ ಟಯರಿನ ಮಗ್ಗುಲು ಮಡಿಕೆ ಬಿದ್ದು ಸೀಳಿರುತ್ತದೆ. ಶೀಟಿನ ಮಾಡಿನ ಕಾವಿಗೆ ರಬ್ಬರು ಬಿರಿದಿರುತ್ತದೆ. ಇಲಿ ಕಡಿದಿದ್ದರೂ ಅಚ್ಚರಿಯಿಲ್ಲ. ಮಡಿಕೆಯಲ್ಲಿ ದಾರ ಕಂಡರೆ ಟಯರು ಬದಲಿಸಬೇಕು, ಬೇರೆ ದಾರಿಯಿಲ್ಲ. ಕೊಳ್ಳುವಾಗ ಹಳೆಯ ಟಯರಿನ ಮಗ್ಗುಲಲ್ಲಿ ಅಚ್ಚಾದ ಅಳತೆಯನ್ನು ಬರೆದುಕೊಂಡು ಹೋಗುವುದು ಒಳಿತು. ದೊಡ್ಡವರ ಹಳೆಯ ಸೈಕಲ್ಲಿನ 28 ಇಂಚಿನ ಟಯರು 26ರ ರಿಮ್ಮಿಗೆ ಕೂರದು. 26ರಲ್ಲಿಯೇ ಪರಸ್ಪರ ಹೊಂದದ ಬೇರೆ ಬೇರೆ ಅಳತೆಗಳಿವೆ.

ಟ್ಯೂಬಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯಿದೆ. ಚಳಿಗೆ ಗಾಳಿ ಇಳಿಯುತ್ತದೆ ಎನ್ನುತ್ತಾರೆ. ಮಾತು ಸುಳ್ಳಲ್ಲ, ಆದರೆ ಹತ್ತು ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇಳಿದರೆ ನಲವತ್ತು ಪೌಂಡ್ ಒತ್ತಡದ ಟಯರಿನಲ್ಲಿ ಕಡಿಮೆಯಾಗುವುದು ಸುಮಾರು ಎರಡು ಪೌಂಡ್ ಮಾತ್ರ. ಬೆಳಗಾಗುವಷ್ಟರಲ್ಲಿ ಚಕ್ರ ಪೂರ್ತಿ ಕುಸಿದಿದ್ದರೆ ತಪ್ಪು ಚಳಿಯದ್ದಲ್ಲ, ವಾಲ್ ಟ್ಯೂಬಿನದು. ನಮ್ಮ ಸಾಮಾನ್ಯ ಸೈಕಲ್ಲುಗಳ ವಾಲಿನೊಳಗೆ ಕಡ್ಡಿಯಂಥ ಲೋಹದ ಕೊಳವೆಯಿದ್ದು, ಅದರ ರಂಧ್ರವನ್ನು ಮುಚ್ಚಿಕೊಂಡಂತೆ ಸಣ್ಣ ರಬ್ಬರ್ ತೋಳು ಕುಳಿತಿರುತ್ತದೆ. ಗಾಳಿ ಹೊಡೆದಾಗ ತೋಳು ಉಬ್ಬಿ ದಾರಿ ಬಿಡುತ್ತದೆ, ಬಿಟ್ಟೊಡನೆ ಅಂಟಿ ಮುಚ್ಚುತ್ತದೆ. ಈ ತೋಳು ಬೇಸಿಗೆಯಲ್ಲಿ ಒಣಗಿ, ಚಳಿಗಾಲಕ್ಕೆ ಬಿರಿಯುತ್ತದೆ. ಅದನ್ನು ಬದಲಿಸಲು ಎರಡು ನಿಮಿಷ ಸಾಕು. ಪಂಪಿನ ಜೊತೆ ಒಂದು ಗೇಣುದ್ದದ ವಾಲ್ ಟ್ಯೂಬು ಮನೆಯಲ್ಲಿದ್ದರೆ ಎಷ್ಟೋ ದಿನಗಳ ಹಾಜರಾತಿ ಉಳಿಯುತ್ತದೆ.

ಪಂಕ್ಚರ್ ಹಾಕುವುದನ್ನು ಮಕ್ಕಳೇ ಕಲಿಯಬಹುದು. ಗಾಳಿ ತುಂಬಿದ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಜಾಗವನ್ನು ಗುರುತಿಸುವುದು, ಒರೆಸಿ ಒಣಗಿಸಿ ಅರದಿಂದ ಉಜ್ಜುವುದು, ಸೊಲ್ಯೂಷನ್ ಸವರುವುದು ಎಲ್ಲರಿಗೂ ಗೊತ್ತು. ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಸವರಿದೊಡನೆ ಪ್ಯಾಚು ಅಂಟಿಸಬಾರದು. ಹೊಳಪು ಆರಿ, ಬೆರಳಿಗೆ ಅಂಟಂಟಾಗುವವರೆಗೆ ಕಾಯಬೇಕು. ಚಳಿಯಲ್ಲಿ ಈ ಕಾಯುವಿಕೆ ಇನ್ನಷ್ಟು ಉದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಟಯರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ ನೋಡಬೇಕು. ಮುಳ್ಳು ಅಲ್ಲಿಯೇ ಮುರಿದು ಕುಳಿತಿದ್ದರೆ ಶಾಲೆ ತಲುಪುವ ಮುನ್ನ ಅದೇ ಜಾಗದಲ್ಲಿ ಮತ್ತೊಂದು ತೂತು ಬಿದ್ದಿರುತ್ತದೆ. ತೂತು ಟ್ಯೂಬಿನ ಒಳಸುತ್ತಿನಲ್ಲಿದ್ದರೆ ಮುಳ್ಳನ್ನು ಹುಡುಕಬೇಕಿಲ್ಲ. ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚಿದೆ ಎಂದರ್ಥ.

ಚೈನಿಗೆ ಬರೋಣ. ಹನ್ನೆರಡು ಇಂಚಿನ ಅಡಿಕೋಲನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ, ಹೊಸ ಚೈನಿನಲ್ಲಿ ಇಪ್ಪತ್ನಾಲ್ಕು ಕೊಂಡಿಗಳ ಆಚೆಯ ಪಿನ್ನು ಕರಾರುವಾಕ್ಕಾಗಿ ಹನ್ನೆರಡರ ಗೆರೆಗೆ ಬರುತ್ತದೆ. ಅದು ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಆಚೆ ಹೋಗಿದ್ದರೆ ಚೈನು ಸವೆದಿದೆ. ಸವೆದ ಚೈನಿನ ಜೊತೆ ಓಡಿದ ಫ್ರೀವೀಲಿನ ಹಲ್ಲುಗಳೂ ಕೊಕ್ಕೆಯಂತಾಗಿರುವುದರಿಂದ ಎರಡನ್ನೂ ಒಟ್ಟಿಗೆ ಬದಲಿಸಬೇಕಾದೀತು. ಸವೆಯದ ಚೈನನ್ನು ಸೀಮೆಎಣ್ಣೆಯಲ್ಲಿ, ಅದು ಸಿಗುವುದು ದುಸ್ತರವಾದ ಈ ಕಾಲದಲ್ಲಿ ಡೀಸೆಲ್ಲಿನಲ್ಲಿ, ನೆನೆಸಿ ಉಜ್ಜಿ ಒಣಗಿಸಿ, ಕೊಂಡಿಕೊಂಡಿಗೂ ಒಂದೊಂದು ಹನಿ ಮೆಷಿನ್ ಎಣ್ಣೆ ಬಿಟ್ಟು, ಮೇಲ್ಮೈಯನ್ನು ಒರೆಸಿಬಿಡಬೇಕು. ಎಣ್ಣೆ ಒಳಗಿರಬೇಕೇ ಹೊರತು ಹೊರಗಲ್ಲ.

ಇಲ್ಲೊಂದು ಮಾತು. ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನು ಚೈನಿಗೆ ಬಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಬಾಟಲಿಯೊಳಗೆ ಬೆಣ್ಣೆಯಂತೆ ಹೆಪ್ಪುಗಟ್ಟುವ ಎಣ್ಣೆ ಚೈನಿನೊಳಗೆ ಮಾತ್ರ ಹರಿದಾಡೀತೆ? ಅದು ದೂಳನ್ನು ಹಿಡಿದು ಮರಳು ಕಾಗದದಂತೆ ಲೋಹವನ್ನು ಸವೆಸುತ್ತದೆ. ಹರಳೆಣ್ಣೆ, ಕಡಲೆಕಾಯಿ ಎಣ್ಣೆಗಳು ಹೆಪ್ಪುಗಟ್ಟದಿದ್ದರೂ ಕ್ರಮೇಣ ಅಂಟಾಗುತ್ತವೆ.

ಹಬ್ಬು ಬಿಚ್ಚುವುದೇ ಈ ಕೆಲಸದ ತಿರುಳು. ಹುಲ್ಲು ಸುತ್ತಿದ, ಮಳೆನೀರು ಕುಡಿದ ಹಬ್ಬಿನೊಳಗೆ ಗ್ರೀಸು ಕಪ್ಪು ಮಣ್ಣಾಗಿರುತ್ತದೆ. ಬಿಚ್ಚುವ ಮುನ್ನ ಕೆಳಗೆ ಒಂದು ತಟ್ಟೆಯನ್ನೋ ಬಟ್ಟೆಯನ್ನೋ ಹಾಸದಿದ್ದರೆ ಗುಂಡುಗಳು ಅಂಗಳದ ಪಾಲಾಗುತ್ತವೆ. ಸಾಮಾನ್ಯವಾಗಿ ಮುಂದಿನ ಚಕ್ರದ ಒಂದೊಂದು ಮಗ್ಗುಲಿಗೆ ಹತ್ತು ಸಣ್ಣ ಗುಂಡುಗಳು, ಹಿಂದಿನದರಲ್ಲಿ ಒಂಬತ್ತು ಕಾಲಿಂಚಿನ ಗುಂಡುಗಳು ಇರುತ್ತವೆ. ಆದರೂ ಎಣಿಸಿ ಬರೆದಿಡುವುದು ಜಾಣತನ. ಗುಳಿಬಿದ್ದ ಗುಂಡು ಒಂದೇ ಇದ್ದರೂ ಆ ಸಾಲನ್ನೆಲ್ಲ ಬದಲಿಸಬೇಕು. ಹೊಸ ಗ್ರೀಸಿನ ಹಾಸಿಗೆಯ ಮೇಲೆ ಗುಂಡುಗಳನ್ನು ಒಂದೊಂದಾಗಿ ಕೂರಿಸಿ, ಕೋನನ್ನು ಕೈಯಿಂದ ತಿರುಗಿಸಿ, ನಂತರ ಪಾನದಿಂದ ಬಿಗಿಸಬೇಕು. ಎಷ್ಟು ಬಿಗಿ ಎಂಬುದಕ್ಕೆ ಅಂಗಡಿಯವರ ಪರೀಕ್ಷೆಯೊಂದಿದೆ: ನೆಲಕ್ಕೆ ತಾಗದಂತೆ ಎತ್ತಿಹಿಡಿದ ಮುಂದಿನ ಚಕ್ರವನ್ನು ಮೆಲ್ಲಗೆ ಬಿಟ್ಟರೆ, ವಾಲಿನ ಭಾರಕ್ಕೆ ಅದು ತಾನಾಗಿ ತಿರುಗಿ, ವಾಲು ಕೆಳಕ್ಕೆ ಬಂದು ನಿಲ್ಲಬೇಕು. ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಟಕಟಕ ಎನ್ನಬಾರದು. ಎರಡೂ ಒಟ್ಟಿಗೆ ಸಾಧಿಸುವವರೆಗೆ ಕೋನನ್ನು ಒಂದಿಷ್ಟು ಸಡಿಲಿಸಿ, ಒಂದಿಷ್ಟು ಬಿಗಿಸಿ ನೋಡುತ್ತಿರಬೇಕು. ತಾಳ್ಮೆ ಬೇಡುವ ಕೆಲಸ.

ಪೆಡಲ್ ಬಿಚ್ಚುವಾಗ ಆಗುವಷ್ಟು ನಷ್ಟ ಬೇರೆಲ್ಲೂ ಆಗದು. ಬಲಗಡೆಯ ಪೆಡಲ್ಲಿನ ತಿರುಪು ಎಲ್ಲ ತಿರುಪುಗಳಂತೆಯೇ, ಎಡಗಡೆಯದು ಉಲ್ಟಾ. ಅದನ್ನು ಅರಿಯದೆ ಬಲಪ್ರಯೋಗ ಮಾಡಿದರೆ ಕ್ರ್ಯಾಂಕಿನ ಮರೆಯೇ ಕಿತ್ತುಹೋಗುತ್ತದೆ. ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ನಿಗೂ ಅದೇ ಎಚ್ಚರ ಬೇಕು: ನಟ್ಟನ್ನು ಪೂರ್ತಿ ತೆಗೆಯದೆ ತುದಿಯವರೆಗೆ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಒಂದೇ ಗಟ್ಟಿ ಪೆಟ್ಟು ಹಾಕಬೇಕು. ಆಧಾರವಿಲ್ಲದೆ ಹೊಡೆದ ಪೆಟ್ಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ತುಳಿಯುವಾಗ ಪ್ರತಿ ಸುತ್ತಿಗೊಮ್ಮೆ ಕಾಲಿಗೆ ಕಟ್ ಎಂದು ಬಡಿಯುತ್ತಿದ್ದರೆ ಆ ಪಿನ್ನು ಸವೆದಿದೆ ಎಂದು ತಿಳಿಯಬೇಕು.

ಚಕ್ರದ ಬೆಂಡ್ ತೆಗೆಯುವುದನ್ನು ಮಾತ್ರ ಬಲ್ಲವರಿಗೇ ಬಿಡುವುದು ಸೂಕ್ತ. ಹಳೆಯ ಮಾದರಿಯ ಗಾಡಿಯಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುತ್ತವೆ. ಒಂದನ್ನು ಬಿಗಿಸಿದರೆ ಅದರ ಎಳೆತ ಇನ್ನೊಂದರ ಮೇಲೆ ಬೀಳುತ್ತದೆ. ಅರೆಬರೆ ತಿಳಿದವರ ಕೈಯಲ್ಲಿ ರಿಮ್ಮು ಎಂಟರ ಆಕಾರಕ್ಕೆ ತಿರುಗಿದ ನಿದರ್ಶನಗಳು ಹೇರಳ.

<b>ಬಲ್ಲವರು ಎಲ್ಲಿದ್ದಾರೆ?</b>

ಬಲ್ಲವರಿಗೆ ಬಿಡುವುದು ಎಂದು ಬರೆಯುವುದು ಸುಲಭ. ಅರಳಿಕಟ್ಟೆಯ ಪಕ್ಕ ಪಂಪು, ನೀರಿನ ಬಾಣಲೆ ಇಟ್ಟುಕೊಂಡು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲನ್ನೂ ಕೊಡುತ್ತಿದ್ದ ಅಂಗಡಿಗಳು ಈಗ ಬೈಕುಗಳ ಪಂಕ್ಚರ್ ಅಂಗಡಿಗಳಾಗಿವೆ ಅಥವಾ ಮುಚ್ಚಿವೆ. 2011ರ ಜನಗಣತಿಯ ವೇಳೆಗೆ ದೇಶದ ಸುಮಾರು ಶೇ 45ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು. ಒಂದು ಕಾಲಕ್ಕೆ ಮನೆಮಾತಾಗಿದ್ದ ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಕೆಲಸ ನಿಲ್ಲಿಸಿತು. ವಿಶ್ವಸಂಸ್ಥೆ 2018ರಲ್ಲಿ ಘೋಷಿಸಿದ ವಿಶ್ವ ಬೈಸಿಕಲ್ ದಿನವೂ ಅದೇ ಜೂನ್ 3 ಎಂಬುದು ವಿಪರ್ಯಾಸ. ವಕ್ಕಲೇರಿಗೆ ಹತ್ತಿರದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಸೀಮೆಯ ಯುವಕರ ಕೈಗೆ ಪಾನ ಸಿಕ್ಕಿದ್ದು ಹೌದು, ಆದರೆ ಅದು ಕಾಟರ್ ಪಿನ್ನಿನ ಪಾನವಲ್ಲ.

ಬಿಡಿಭಾಗಗಳು ಮಾತ್ರ ಇನ್ನೂ ಸಿಗುತ್ತವೆ ಎಂಬುದು ಸಮಾಧಾನದ ವಿಷಯ. ಹಳೆಯ ಮಾದರಿಯ ಸೈಕಲ್ಲಿನ ವಿನ್ಯಾಸ ದಶಕಗಳಿಂದ ಬಹಳವಾಗಿ ಬದಲಾಗಿಲ್ಲವಾದ್ದರಿಂದ ಒಂದು ಕಂಪನಿಯ ಗಾಡಿಗೆ ಇನ್ನೊಂದರ ಕೋನು, ಗುಂಡು, ಚೈನುಗಳು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ತಾಲ್ಲೂಕು ಕೇಂದ್ರದ ಸೈಕಲ್ ಅಂಗಡಿಗೆ ಹಳೆಯ ಭಾಗವನ್ನೇ ಕೊಂಡೊಯ್ದು ತೋರಿಸಿದರೆ ಕೆಲಸ ನಡೆಯುತ್ತದೆ.

ಗೇರಿನ ಸೈಕಲ್ಲಿನ ಕತೆ ಬೇರೆ. 2020ರ ಲಾಕ್‌ಡೌನ್ ಬಳಿಕ ಬೆಂಗಳೂರಿನಲ್ಲಿ ಅಂಥ ಸೈಕಲ್ಲುಗಳ ವ್ಯಾಮೋಹ ಹೆಚ್ಚಿತು. ಅವುಗಳಲ್ಲಿ ಎಷ್ಟೋ ಈಗ ಬಾಲ್ಕನಿಗಳಲ್ಲಿ ಬಟ್ಟೆ ಒಣಗಿಸಲು ನೆರವಾಗುತ್ತಿವೆ. ತುಳಿಯುವವರು ಮಾತ್ರ ಚಳಿಗಾಲದ ಭಾನುವಾರಗಳಲ್ಲಿ ಹೊಸಕೋಟೆ ದಾಟಿ ಕೋಲಾರದ ಅಂತರಗಂಗೆ, ಮುಳಬಾಗಿಲಿನ ಆವನಿ ಬೆಟ್ಟಗಳವರೆಗೂ ಬರುತ್ತಾರೆ. ದೂರಪ್ರಯಾಣದ ಬ್ರೆವೆ ಸವಾರಿಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ರಾತ್ರಿ ದೀಪ ಮತ್ತು ಪ್ರತಿಫಲಿಸುವ ಅಂಗಿ ಅಲ್ಲಿ ಕಡ್ಡಾಯ. ಇಂಥ ಗಾಡಿಗಳ ಬಿಡಿಭಾಗ ಹೋಬಳಿಯ ಅಂಗಡಿಗಳಲ್ಲಿ ಸಿಗುವ ಸಂಭವ ಕಡಿಮೆ. ಆದ್ದರಿಂದ ಎರಡು ಟ್ಯೂಬು, ಚೈನಿನ ಜೋಡುಕೊಂಡಿ, ಪಂಪು ಜೊತೆಗಿರಲಿ. ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದವರು ರಾಗಿ ಹುಲ್ಲನ್ನು ಕಂಡರೆ ಇಳಿದು ನಡೆಯಲಿ. ಗೇರು ಬದಲಿಸುವ ಸೂಕ್ಷ್ಮ ತೋಳಿನೊಳಕ್ಕೆ ಒಂದು ಹಿಡಿ ಹುಲ್ಲು ಸಿಕ್ಕಿದರೆ ಅದು ಮುರಿದು ಕಡ್ಡಿಗಳ ನಡುವೆ ಹೋಗುತ್ತದೆ.

ಸರ್ಕಾರಿ ಸೈಕಲ್ಲಿಗೆ ಮತ್ತೆ ಮರಳಿದರೆ, ಅಕ್ಕನ ಗಾಡಿಯನ್ನು ತಂಗಿಗೋ ಅಣ್ಣನದನ್ನು ತಮ್ಮನಿಗೋ ಕೊಡುವಾಗ ಸೀಟಿನ ಎತ್ತರವನ್ನು ಹೊಂದಿಸುವುದನ್ನು ಮರೆಯುವವರೇ ಹೆಚ್ಚು. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಸೀಟಿನ ಮೇಲೆ ಕುಳಿತು ನಿಂತಾಗ ಬೆರಳತುದಿ ನೆಲಕ್ಕೆ ತಾಗಬೇಕು. ಸೀಟಿನ ಕಂಬಿ ತುಕ್ಕು ಹಿಡಿದು ಕದಲದಿದ್ದರೆ ಸುತ್ತ ಡೀಸೆಲ್ ಬಿಟ್ಟು ಒಂದು ರಾತ್ರಿ ಹಾಗೆಯೇ ಇಟ್ಟು, ಬೆಳಗ್ಗೆ ಸೀಟನ್ನು ಎಡಬಲಕ್ಕೆ ಅಲುಗಿಸುತ್ತ ಎತ್ತಬೇಕು. ಮತ್ತೆ ಕೂರಿಸುವಾಗ ಕಂಬಿಗೆ ತೆಳುವಾಗಿ ಗ್ರೀಸು ಸವರಿದರೆ, ಮುಂದಿನ ವರ್ಷ ಮಗು ಎರಡು ಇಂಚು ಬೆಳೆದಾಗ ಸೀಟೂ ಸುಲಭವಾಗಿ ಮೇಲೇರುತ್ತದೆ.